ಹೆಬ್ಬಲಸಿನ ಲೇನ್

ನನ್ನ ಗಂಡ ತೀರಿಹೋಗಿ ಒಂದು ಮಳೆಗಾಲ ಕಳೆದಿದೆ. ಅವರಿಗೆ ಕೆಲಸ ಏನಿತ್ತು ಎಂದು ಈಗಲೂ ಕೆಲವರು ಕೇಳುತ್ತಾರೆ. ಬೌಲಿಂಗ್ ಆಡುತ್ತಿದ್ದರು ಎಂದರೆ ಕ್ರಿಕೆಟ್ಟಾ ಎನ್ನುತ್ತಾರೆ. ಅಲ್ಲ ಎಂದು ನಾನು ಮೊದಲಿನಿಂದ ಹೇಳಬೇಕು. ಉದ್ದಕ್ಕೆ ಮರದ ಹಲಗೆ ಹಾಸಿದ ಓಣಿಯಂಥ ಜಾಗ ಇರುತ್ತದೆ, ಅದಕ್ಕೆ ಲೇನ್ ಎನ್ನುತ್ತಾರೆ. ಅದರ ಆಚೆ ತುದಿಯಲ್ಲಿ ಹತ್ತು ಪಿನ್ನುಗಳನ್ನು ಮುಕ್ಕೋನವಾಗಿ ನಿಲ್ಲಿಸಿರುತ್ತಾರೆ. ಪಿನ್ನು ಎಂದರೆ ಸೂಜಿಯಂಥದ್ದಲ್ಲ, ಮೊಣಕಾಲಿನಷ್ಟು ಎತ್ತರದ, ಕುತ್ತಿಗೆ ಸಣ್ಣಗಿರುವ ಮರದ ಬಾಟ್ಲಿ ಎಂದುಕೊಳ್ಳಬಹುದು. ಈಚೆ ತುದಿಯಿಂದ ಭಾರದ ಚೆಂಡು ಉರುಳಿಸಿ ಅವನ್ನು ಬೀಳಿಸಬೇಕು. ಚೆಂಡಿನಲ್ಲಿ ಮೂರು ತೂತು, ಒಂದು ಹೆಬ್ಬೆರಳಿಗೆ, ಎರಡು ನಡುವಿನ ಬೆರಳುಗಳಿಗೆ. ಇಷ್ಟು ಕೇಳಿದ ಮೇಲೆ ಹೆಚ್ಚಿನವರು, "ಅದ್ರಲ್ಲಿ ಊಟ ಹುಟ್ಟತ್ತಾ?" ಎನ್ನುತ್ತಾರೆ. ಹುಟ್ಟುತ್ತಿತ್ತು. ಹತ್ತು ವರ್ಷಕ್ಕೆ ಹತ್ತಿರ ನಮ್ಮ ಮನೆ ನಡೆದದ್ದು ಅದರಲ್ಲೇ.

ನನ್ನ ತವರು ಬ್ರಹ್ಮಾವರ. ಹತ್ತನೆಯ ತರಗತಿ ಮುಗಿಸಿ ಹೊಲಿಗೆ ಕಲಿತಿದ್ದೆ. ೧೯೯೭ರಲ್ಲಿ ಮದುವೆಯಾಗಿ ಬೀಜಾಡಿಗೆ ಬಂದೆ. ಅವರದ್ದು ಕಡಲಿನ ಮೇಲೆ ಬದುಕುವ ಮನೆ. ಮಾವ ಮೊದಲೇ ತೀರಿಕೊಂಡಿದ್ದರು, ಅತ್ತೆ ಇದ್ದರು. ನನ್ನ ಗಂಡ ಮೀಸೆ ಮೂಡುವ ಮುಂಚೆಯೇ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಸಪ್ಲೈಯರ್ ಆಗಿ, ಗಿರಾಕಿಯೊಬ್ಬರು ಹೇಳಿದರೆಂದು ಹೊಸದಾಗಿ ಶುರುವಾಗಿದ್ದ ಬೌಲಿಂಗ್ ಆಟದ ಜಾಗಕ್ಕೆ ಸೇರಿದ್ದರು. ಅಲ್ಲಿ ಅವರ ಕೆಲಸ ಲೇನಿನ ಹಿಂದೆ. ಬಿದ್ದ ಪಿನ್ನುಗಳನ್ನು ಎತ್ತಿ ನಿಲ್ಲಿಸುವ ಯಂತ್ರ ಕಚ್ಚಿಕೊಂಡಾಗ ಬಿಡಿಸುವುದು, ಬೆಲ್ಟು ಬದಲಿಸುವುದು, ಗ್ರೀಸು ಹಾಕುವುದು. ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ಯಂತ್ರ ಸರಿಯಿದೆಯೇ ಎಂದು ನೋಡಲು ಒಬ್ಬರು ಚೆಂಡು ಬಿಡಬೇಕಿತ್ತು. ಅದನ್ನು ಇವರು ಮಾಡುತ್ತಿದ್ದರು. ಹಾಗೆ ಬಿಡುತ್ತ ಬಿಡುತ್ತ ದುಡ್ಡು ಕೊಟ್ಟು ಆಡಲು ಬರುವವರಿಗಿಂತ ಚೆನ್ನಾಗಿ ಬಿಡತೊಡಗಿದರು. ನಾನು ಮದುವೆಯಾದ ಹೊತ್ತಿಗೆ ಯಂತ್ರದ ಕೆಲಸ ಬಿಟ್ಟು ಆಟಗಾರ ಎಂದೇ ಗುರುತಾಗಿದ್ದರು. ಬೆಂಗಳೂರು, ಮದ್ರಾಸು, ದೆಹಲಿ ಎಂದು ಪಂದ್ಯಗಳಿಗೆ ಹೋಗುತ್ತಿದ್ದರು. ಒಂದು ಸಲ ಮಲೇಷ್ಯಾಕ್ಕೂ ಹೋಗಿ ಬಂದರು. ಉಳಿದ ದಿನಗಳಲ್ಲಿ ಅದೇ ಜಾಗದಲ್ಲಿ ಬೇರೆಯವರಿಗೆ ಕಲಿಸುತ್ತಿದ್ದರು.

ಅತ್ತೆಗೆ ಇದು ಯಾವುದೂ ಒಪ್ಪಿಗೆಯಾಗಿರಲಿಲ್ಲ. ಗಂಜಿ ಬಡಿಸುವಾಗ ಹೇಳುತ್ತಿದ್ದರು, "ಗುಂಡ್ ಉರ್ಳ್ಸುಕೆ ಬೊಂಬಾಯಿ ತನಕ ಹೋಯ್ಕಾ? ಇಲ್ಲ್ ತೆಂಗಿನ್ಕಾಯಿ ಇಲ್ಯಾ?"

"ತೆಂಗಿನ್ಕಾಯಿಗೂ ಮೂರ್ ಕಣ್ಣ್ ಇತ್ತಲ್ಲೆ ಅಬ್ಬಿ, ಬೆರಳ್ ಹೊಗತ್ತಿಲ್ಲ" ಎಂದು ಇವರು ನಗುತ್ತಿದ್ದರು.

ಅವರು ರಜೆಯಲ್ಲಿ ಬಂದಾಗ ನನಗೆ ಕಷ್ಟವಾಗುತ್ತಿದ್ದದ್ದು ಬೇರೆ ವಿಷಯಕ್ಕೆ. ನಮ್ಮಲ್ಲಿ ಕೈರಂಪಣಿ ಬಲೆ ಬಿಟ್ಟರೆ ಅದನ್ನು ದಡಕ್ಕೆ ಎಳೆಯಲು ಊರೇ ಸೇರುತ್ತದೆ. ಎರಡು ಕಡೆ ಎರಡು ಹಗ್ಗ, ಗಂಡಸರು ಹೆಂಗಸರು ಎಂದಿಲ್ಲ, ಕೈಗೆ ಸಿಕ್ಕಿದವರು ಹಿಡಿದು ಹಿಂದಕ್ಕೆ ನಡೆಯುವುದು. ಎಳೆದವರಿಗೆಲ್ಲ ಮೀನಿನ ಪಾಲು. ಇವರು ಮಾತ್ರ ದಡದ ಹೊಯ್ಗೆಯ ಮೇಲೆ ಕೈಗಳನ್ನು ಕಿಸೆಗೆ ಹಾಕಿಕೊಂಡು ನಿಲ್ಲುತ್ತಿದ್ದರು. ಒದ್ದೆ ಹಗ್ಗ ಹಿಡಿದರೆ ಹೆಬ್ಬೆರಳಿನ ಬುಡ ಬಾತುಕೊಳ್ಳುತ್ತದೆ, ಚರ್ಮ ಸುಲಿಯುತ್ತದೆ. ಚೆಂಡಿನ ತೂತನ್ನು ಅವರ ಬೆರಳಿನ ಅಳತೆಗೆ ಕೊರೆದದ್ದು. ಮನೆಯಲ್ಲಿ ನನಗೆ ಹೇಳುತ್ತಿದ್ದರು, "ಹೆಬ್ಬೆರಳ್ ಒಂದ್ ನೂಲ್ ದಪ್ಪ ಆದ್ರೂ ಚೆಂಡ್ ಕೈ ಬಿಡತ್ತಿಲ್ಲ, ಗೊತ್ತಿತ್ತಾ?" ನನಗೆ ಗೊತ್ತಿತ್ತು. ದಡದಲ್ಲಿ ಹಗ್ಗ ಎಳೆಯುವವರಿಗೆ ಅದನ್ನು ಹೇಗೆ ಹೇಳುವುದು? ನಾನು ಹಗ್ಗ ಹಿಡಿಯುತ್ತಿದ್ದೆ. ಒಬ್ಬ ಹೆಂಗಸು ಪಕ್ಕದಲ್ಲೇ ಎಳೆಯುತ್ತ, "ನಿನ್ನ್ ಗಂಡಂಗೆ ಹಗ್ಗ ಕಂಡ್ರೆ ಹೆದ್ರಿಕೆಯಾ ಹೆಣೆ?" ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಇವರಿಗೂ ಕೇಳಿಸಿತ್ತು. ಕಡಲನ್ನೇ ನೋಡುತ್ತಿದ್ದರು.

ಊರಿಂದ ಹೊರಡುವ ಒಂದು ವಾರ ಮುಂಚೆ ಬಿಸಿ ಗಂಜಿಗೆ ಕೈ ಹಾಕುತ್ತಿರಲಿಲ್ಲ, ಚಮಚದಲ್ಲಿ ಉಣ್ಣುತ್ತಿದ್ದರು. ಮಲಗುವಾಗ ಬಲಗೈಯ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಆ ಕೈ ಎಡಗೈಗಿಂತ ದಪ್ಪಗಿತ್ತು. ಷರಟು ಹೊಲಿಯುವಾಗ ನಾನು ಬಲತೋಳನ್ನು ಸ್ವಲ್ಪ ಸಡಿಲ ಇಡುತ್ತಿದ್ದೆ.

ಇಷ್ಟೆಲ್ಲ ಆ ಆಟದ ಸುತ್ತಲೇ ಬದುಕಿದರೂ ನಾನು ಅವರು ಆಡುವುದನ್ನು ನೋಡಿರಲಿಲ್ಲ. ನನ್ನ ಮನಸ್ಸಿನಲ್ಲಿ ಇದ್ದ ಒಂದೇ ಆಸೆ ಅದು. ಮಗಳಿಗೆ ಎರಡು ವರ್ಷವಾದಾಗ ಬೊಂಬಾಯಿಗೆ ಹೋಗಿದ್ದೆ. ಆ ತಿಂಗಳೇ ಅಲ್ಲಿ ಲೇನಿನ ಹಲಗೆ ಕಿತ್ತು ಹೊಸತು ಹಾಕುತ್ತಿದ್ದರು. ನನ್ನನ್ನು ಕರೆದುಕೊಂಡು ಹೋಗಿ, ಸಿಮೆಂಟಿನ ಧೂಳಿನಲ್ಲಿ ನಿಲ್ಲಿಸಿ, ಇಲ್ಲಿಂದ ಓಡುವುದು, ಇಲ್ಲಿ ಬಿಡುವುದು ಎಂದು ತೋರಿಸಿದರು. ಚೆಂಡು ಇಲ್ಲದೆ ಕೈ ಬೀಸಿ ತೋರಿಸಿದರು. ಕೆಲಸದವರು ನಿಂತು ನೋಡಿದ್ದರಿಂದ ನನಗೆ ನಾಚಿಕೆಯಾಯಿತು. ಇನ್ನೊಂದು ಸಲ ಬೆಂಗಳೂರಿನಲ್ಲಿ ಪಂದ್ಯವಿತ್ತು. ಕುಂದಾಪುರದಿಂದ ಬಸ್ಸು ಹತ್ತಿದೆವು. ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಬಸ್ಸು ಹಿಂದಕ್ಕೆ ಬಂತು. ಆಮೇಲೆ ಮಗಳ ಶಾಲೆ, ಅತ್ತೆಯ ಕಾಯಿಲೆ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಲೇ ಇದ್ದೆವು.

೨೦೦೭ರ ಹೊತ್ತಿಗೆ ಮಣಿಕಟ್ಟು ಕೈಕೊಟ್ಟಿತು. ಎರಡು ಸಲ ಚುಚ್ಚುಮದ್ದು ಕೊಡಿಸಿಕೊಂಡು ಆಡಿದರು. ಆಮೇಲೆ ಸಾಕು ಎಂದರು. ಬೀಳ್ಕೊಡುಗೆ ಎಂದು ಯಾರೂ ಏನೂ ಮಾಡಲಿಲ್ಲ, ಅಂಥ ಆಟ ಅದಲ್ಲ. ಎರಡು ಚೆಂಡು, ಬೂಟು, ಹಳೆಯ ಪಿನ್ನುಗಳಿದ್ದ ಒಂದು ಗೋಣಿಚೀಲ ಹೊತ್ತು ರೈಲಿನಲ್ಲಿ ಬಂದರು. ಪಿನ್ನುಗಳು ಅಲ್ಲಿ ಬಿಸಾಡುವಂಥವು, ಕುತ್ತಿಗೆ ಬಿರುಕು ಬಿಟ್ಟವು.

ಬಂದ ವಾರದಲ್ಲೇ ಬಲೆ ಬಿಟ್ಟಿದ್ದರು. ಇವರು ಲುಂಗಿ ಎತ್ತಿ ಕಟ್ಟಿ ಹೋಗಿ ಹಗ್ಗ ಹಿಡಿದರು. ಪಕ್ಕದವರು ಸರಿದು ಜಾಗ ಕೊಟ್ಟರು. ಸಂಜೆ ಅಂಗೈ ನೋಡಿದರೆ ಬೊಬ್ಬೆ ಎದ್ದಿತ್ತು. ನಾನು ಎಣ್ಣೆ ಹಚ್ಚಿದೆ. ಪಾಲಿಗೆ ಬಂದ ಮೀನನ್ನು ಅತ್ತೆ ಅವತ್ತು ತಾವೇ ಕೊಯ್ದರು.

ಕೋಟೇಶ್ವರದಲ್ಲಿ ದಾಯಾದಿಯೊಬ್ಬರ ಐಸ್ ಪ್ಲಾಂಟಿನಲ್ಲಿ ಮೇಲ್ವಿಚಾರಣೆಗೆ ಸೇರಿಕೊಂಡರು. ಸುಮಾರು ನಾಲ್ಕು ವರ್ಷ ಹಾಗೇ ಹೋಯಿತು. ಮಾತು ಕಡಿಮೆಯಾಗಿತ್ತು, ಬೇಸರದಲ್ಲಿ ಇದ್ದಂತೆ ಕಾಣುತ್ತಿರಲಿಲ್ಲ. ಅತ್ತೆ ಆ ನಡುವೆ ತೀರಿಕೊಂಡರು. ಒಂದು ದಿನ ಇವರು ಬೈಂದೂರಿನ ಕಡೆ ಐಸ್ ಗಾಡಿಯ ಜೊತೆ ಹೋದವರು ಹೊಸ ಸುದ್ದಿ ತಂದರು. ಅಲ್ಲಿ ಕಡಲ ಪಕ್ಕ ದೋಣಿ ಕಟ್ಟುವ ಆಚಾರ್ರು ಒಬ್ಬರಿದ್ದರು, ಮಾವನ ಕಾಲದಿಂದ ಗುರುತು. ಎಲ್ಲರೂ ಫೈಬರ್ ದೋಣಿ ತೆಗೆದುಕೊಳ್ಳಲು ಶುರು ಮಾಡಿದ ಮೇಲೆ ಅವರಿಗೆ ಮರದ ಕೆಲಸ ಇಲ್ಲವಾಗಿತ್ತು. ಉದ್ದದ ಶೆಡ್ಡು ಖಾಲಿ ಬಿದ್ದಿತ್ತು.

"ಒಂದ್ ದೊಡ್ಡ ದೋಣಿ ಹಿಡಿಸುವಷ್ಟ್ ಉದ್ದ ಇತ್ತ್" ಎಂದರು ಇವರು. "ಒಂದ್ ಲೇನ್ ಸಮಾ ಕೂಡತ್ತ್."

"ಅಲ್ಲ್ ಯಾರ್ ಆಡುದ್?"

"ನಾನ್. ಕಾಂಬುದ್ ನೀನ್."

ಅದು ೨೦೧೧. ಇವರಿಗೆ ರಕ್ತದ ಕಾಯಿಲೆ ಇದೆ ಎಂದು ಆ ವರ್ಷವೇ ಗೊತ್ತಾಗಿತ್ತು. ಮಣಿಪಾಲದ ಆಸ್ಪತ್ರೆಗೆ ಹೋಗಿ ಬರುವುದು ಶುರುವಾಗಿತ್ತು. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಲೇನ್ ಮುಗಿಯುವುದು ಮೊದಲೋ ಇವರಿಗೆ ಕೈಲಾಗದೆ ಹೋಗುವುದು ಮೊದಲೋ ಎಂಬುದು ಇಬ್ಬರ ತಲೆಯಲ್ಲೂ ಇತ್ತು.

ಆಚಾರ್ರ ಹತ್ತಿರ ಹಳೆಯ ಹೆಬ್ಬಲಸಿನ ಮರ ಇತ್ತು. ಯಾರೋ ದೋಣಿಗೆಂದು ತಂದು ಹಾಕಿ, ಬೇಡ ಎಂದು ಬಿಟ್ಟುಹೋದದ್ದು. ಅದನ್ನು ಪಟ್ಟಿ ಪಟ್ಟಿ ಸೀಳಿ, ಅಂಚಿಗೆ ಅಂಚು ಕೂಡಿಸಿ, ಉದ್ದಕ್ಕೆ ಹಾಸುತ್ತ ಬಂದರು. ಆಚಾರ್ರಿಗೆ ಕೈಗೆ ಕೆಲಸ ಸಿಕ್ಕಿದ ಖುಷಿ. ಸಂದಿಗೆ ಹತ್ತಿ ತುಂಬಿ ರಾಳ ಹೊಯ್ಯುತ್ತೇನೆ ಎಂದು ಹಟ ಹಿಡಿದಿದ್ದರು.

"ನೀರ್ ಹೊಗತ್ತಿಲ್ಲ ಆಚಾರ್ರೇ, ಇದ್ ತೇಲುದಲ್ಲ" ಎಂದು ಇವರು ತಿಳಿಸಿ ಹೇಳಬೇಕಾಯಿತು.

"ತೇಲದಿದ್ದ್ ಮೇಲೆ ಇಷ್ಟ್ ಉದ್ದ ಎಂತಕ್ಕೆ ಮಾರಾಯ್ರೆ?"

ನಾನು ಭಾನುವಾರಗಳಲ್ಲಿ ಬುತ್ತಿ ಕಟ್ಟಿಕೊಂಡು ಜೊತೆಗೆ ಹೋಗುತ್ತಿದ್ದೆ. ಚಾ ಕುಡಿಯುತ್ತ ಇವರು ಬೊಂಬಾಯಿಯ ಲೇನಿನ ವಿಷಯ ಹೇಳುತ್ತಿದ್ದರು. ಅಲ್ಲಿ ಹಲಗೆಗೆ ವಾರ್ನಿಷ್ ಹೊಡೆದು ಗಾಜಿನಂತೆ ಮಾಡಿ, ಅದರ ಮೇಲೆ ದಿನಾ ಎಣ್ಣೆ ಸವರುತ್ತಾರೆ. ಕಣ್ಣಿಗೆ ಕಾಣದಷ್ಟು ತೆಳು. ಮುಂದಿನ ಭಾಗಕ್ಕೆ ಮಾತ್ರ, ಪಿನ್ನಿನ ಹತ್ತಿರ ಒಣಗಿರಬೇಕು. ಚೆಂಡು ಎಣ್ಣೆಯ ಮೇಲೆ ಜಾರಿಕೊಂಡು ಹೋಗಿ ಒಣ ಜಾಗ ಸಿಕ್ಕಿದ ಕೂಡಲೇ ಹಲಗೆಯನ್ನು ಹಿಡಿದು ತಿರುಗುತ್ತದೆ. ಎಣ್ಣೆ ಎಲ್ಲಿ ಮುಗಿದಿದೆ ಎಂಬುದನ್ನು ಚೆಂಡಿನ ನಡಿಗೆ ನೋಡಿಯೇ ತಿಳಿಯಬೇಕು. ಇಡೀ ಆಟ ಇರುವುದು ಅಷ್ಟರಲ್ಲೇ. ಆಚಾರ್ರು ಬೀಡಿ ಹಚ್ಚಿಕೊಂಡು ಎಲ್ಲ ಕೇಳಿದರು. ಅವರ ಕಿವಿಯಲ್ಲಿ ನಿಂತದ್ದು ಎಣ್ಣೆ ಬೇಕು ಎಂಬುದೊಂದೇ.

ಹಲಗೆ ಹಾಸಿ ಮುಗಿದ ವಾರ ಇವರು ಮಣಿಪಾಲದಲ್ಲಿ ಇದ್ದರು. ವಾರ್ನಿಷ್ ತರಲು ಕುಂದಾಪುರದ ಅಂಗಡಿಗೆ ಹೇಳಿಟ್ಟಿದ್ದರು. ಬೈಂದೂರಿಗೆ ಮತ್ತೆ ಹೋದಾಗ ಶೆಡ್ಡಿನಿಂದ ದೂರದಲ್ಲೇ ವಾಸನೆ ಬಂತು. ನಮ್ಮ ಕಡೆ ಮರದ ದೋಣಿಗೆ ಮೀನೆಣ್ಣೆ ಕುಡಿಸದೆ ನೀರಿಗೆ ಇಳಿಸುವ ಕ್ರಮ ಇಲ್ಲ. ಎಣ್ಣೆ ಕುಡಿದ ಮರಕ್ಕೆ ಹುಳ ಬರುವುದಿಲ್ಲ, ಬಿಸಿಲಿಗೆ ಸೀಳುವುದಿಲ್ಲ. ಆಚಾರ್ರು ಹಾಗೇ ಮಾಡಿದ್ದರು. ಈ ತುದಿಯಿಂದ ಆ ತುದಿಯವರೆಗೆ, ಎರಡು ಸಲ, ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ. ಇವರಿಗೆ ಹುಷಾರಿಲ್ಲ ಎಂದು ಆ ಕೆಲಸ ತಾವೇ ಮುಗಿಸಿಡೋಣ ಎಂದುಕೊಂಡಿದ್ದರು. ಹಲಗೆ ಕಪ್ಪಗಾಗಿ ಹೊಳೆಯುತ್ತಿತ್ತು. ಎರಡು ಬೆಕ್ಕುಗಳು ಅದನ್ನು ನೆಕ್ಕುತ್ತಿದ್ದವು.

ಇವರು ಬಗ್ಗಿ ಹಲಗೆಗೆ ಬೆರಳು ಒತ್ತಿ ಮೂಸಿ ನೋಡಿದರು.

"ಎಂತ, ಸಮಾ ಆಯ್ಲಿಲ್ಯಾ?" ಎಂದರು ಆಚಾರ್ರು. "ಎಣ್ಣೆ ಬೇಕ್ ಅಂದದ್ದ್ ನೀವೇ ಅಲ್ದಾ?"

"ನಾನೇ ಹೌದ್. ಮೀನಿದ್ದ್ ಅಂದಿಲ್ಲೆ."

"ಮತ್ತೆಂತದ್ದ್ ಎಣ್ಣೆ ಮಾರಾಯ್ರೆ? ತುಪ್ಪ ಸವರುಕಾ?"

ಆಗ ಇವರಿಗೆ ನಗು ಬಂತು. ನಗುತ್ತ ಹಲಗೆಯ ಅಂಚಿನಲ್ಲಿ ಕುಳಿತುಬಿಟ್ಟರು. ಮನೆಗೆ ಬರುವಾಗ ಬಸ್ಸಿನಲ್ಲಿ ನಗು ಇರಲಿಲ್ಲ.

ಎಣ್ಣೆ ಮರದ ಒಳಕ್ಕೆ ಇಳಿದಿತ್ತು. ಆಚಾರ್ರು ಮರುದಿನವೇ ಕೀಸುಳಿ ಹಿಡಿದು ಮೇಲಿನ ಪದರ ಹೆರೆದರು, ಕೆಳಗೂ ಅಷ್ಟೇ ಎಣ್ಣೆ. ವಾರ್ನಿಷ್ ಹೊಡೆದು ನೋಡಿದರು. ಅದು ಒಣಗಲಿಲ್ಲ, ಹಲಸಿನ ಮೇಣದ ಹಾಗೆ ಅಂಟಂಟಾಗಿ ನಿಂತಿತು. ಒಂದು ಬೇಸಿಗೆ ಬಿಸಿಲು ಕುಡಿದರೆ ಸರಿ ಹೋಗಬಹುದು, ಆಮೇಲೆ ಮತ್ತೆ ಹೆರೆಯುತ್ತೇನೆ ಎಂದರು. ಆಗ ಮೇ ತಿಂಗಳ ಕೊನೆ. ಇನ್ನು ಬೇಸಿಗೆ ಎಂದರೆ ಮುಂದಿನ ವರ್ಷದ್ದು.

ನಾನು ಹಾಗೇ ಆಡಿ ತೋರಿಸಿ ಎಂದೆ. ಅವರು ಒಪ್ಪಲಿಲ್ಲ.

"ಅದ್ರ್ ಮೇಲೆ ಚೆಂಡ್ ಹೋತಿಲ್ಲ. ಹೋದ್ರೂ ತಿರ್ಗತಿಲ್ಲ. ನೀ ಮೊದ್ಲ್ ಸಲ ಕಾಂಬುದ್ ಅಂಥದ್ದಾ?"

"ನಂಗೆ ಒಳ್ಳೇದ್ ಯಾವ್ದ್, ಹಾಳ್ ಯಾವ್ದ್ ಅಂದ್ ಗೊತ್ತಿಲ್ಲ. ನೀವ್ ಬಿಡುದ್ ಕಾಣ್ಕ್, ಅಷ್ಟೇ."

"ನಂಗೆ ಗೊತ್ತಿತ್ತಲ್ಲ" ಎಂದರು.

ಎರಡು ಮೂರು ದಿನ ಆ ವಿಷಯ ಬರಲಿಲ್ಲ. ಅವರು ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತುತ್ತಿದ್ದುದು ಇಬ್ಬರಿಗೂ ಗೊತ್ತಾಗುತ್ತಿತ್ತು. ಶನಿವಾರ ಬೆಳಿಗ್ಗೆ ಕಪಾಟಿನ ಅಡಿಯಿಂದ ಹಗುರದ ಚೆಂಡು ತೆಗೆದು ಒರೆಸಿದರು. ಹೆಬ್ಬೆರಳಿನ ತೂತಿಗೆ ಬೆರಳು ಹಾಕಿ ನೋಡಿದರು. ಬೆರಳು ಸಣ್ಣಗಾಗಿತ್ತು. ಒಳಗೆ ಟೇಪಿನ ಚೂರು ಅಂಟಿಸಿದರು, ಇನ್ನೊಂದು ಅಂಟಿಸಿದರು, ಆಮೇಲೆ ಮತ್ತೊಂದು.

"ಬೂಟ್ ಎಲ್ಲಿತ್ತ್?" ಎಂದು ಕೇಳಿದರು.

ಶೆಡ್ಡಿಗೆ ಹೋದಾಗ ಮೋಡ ಕಟ್ಟಿತ್ತು, ಮಳೆ ಬಂದಿರಲಿಲ್ಲ. ಪಿನ್ನು ನಿಲ್ಲಿಸಲು ಯಂತ್ರ ಇಲ್ಲವಲ್ಲ, ಯಾರಾದರೂ ಆಚೆ ತುದಿಯಲ್ಲಿ ಇರಬೇಕು. ಆಚಾರ್ರಿಗೆ ಮಂಡಿ ನೋವು, ಬಗ್ಗಲು ಆಗುತ್ತಿರಲಿಲ್ಲ. ನಾನು ಹೋದೆ. ಪಿನ್ನುಗಳ ಹಿಂದೆ ಮರಳಿನ ಚೀಲ ಪೇರಿಸಿದ್ದರು, ಅದರ ಪಕ್ಕ ಗೋಡೆಯ ಮರೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತೆ. ಹತ್ತೂ ನಿಲ್ಲಿಸಿದ ಮೇಲೆ ಕೈ ಎತ್ತಿದೆ.

ಅವರು ಚೆಂಡನ್ನು ಎದೆಯ ಹತ್ತಿರ ಹಿಡಿದು ನಿಂತರು. ಷರಟು ಭುಜದಲ್ಲಿ ಜೋತು ಬಿದ್ದಿತ್ತು, ಬಲತೋಳು ಇನ್ನೂ ಹೆಚ್ಚು. ನಾಲ್ಕೈದು ಹೆಜ್ಜೆ, ಕೊನೆಯದು ಜಾರುವಂಥದ್ದು, ಕೈ ಹಿಂದೆ ಹೋಗಿ ಮುಂದೆ ಬಂತು. ಚೆಂಡು ಶಬ್ದವಿಲ್ಲದೆ ಹಲಗೆಗೆ ಇಳಿಯಿತು. ಅರ್ಧ ದಾರಿ ಬಂದು, ನಿಧಾನವಾಗಿ, ನಿಂತೇಬಿಟ್ಟಿತು.

"ಲಂಗರ್ ಹಾಕ್ತ್ ಕಾಣಿ" ಎಂದರು ಆಚಾರ್ರು.

ನಾನು ಗೋಡೆಯ ಮರೆಯಲ್ಲಿ ನಕ್ಕೆ. ಅವರು ನಗಲಿಲ್ಲ. ಆಚಾರ್ರು ಒಂದು ಬುಟ್ಟಿ ಮರದ ಹೊಟ್ಟು ತಂದು ಹಲಗೆಯ ಮೇಲೆ ಚೆಲ್ಲಿ, ಗೋಣಿಯಲ್ಲಿ ಒರೆಸಿದರು. ಇವರು ಬಗ್ಗಿ ಅಂಗೈಯಿಂದ ಹಲಗೆ ಮುಟ್ಟುತ್ತ ಸ್ವಲ್ಪ ದೂರ ನಡೆದರು. ಹಿಂದಕ್ಕೆ ಹೋಗಿ ಒಂದು ಹೆಜ್ಜೆ ಬಲಕ್ಕೆ ನಿಂತರು. ಎರಡನೆಯದು ಹಲಗೆಯ ಪಕ್ಕ ಬಿಟ್ಟಿದ್ದ ಮೋರಿಯಂಥ ತಗ್ಗಿಗೆ ಬಿತ್ತು. ಮೂರನೆಯದೂ ಅಷ್ಟೇ. ಆಮೇಲೆ ಪಿನ್ನಿಗೆ ತಾಗತೊಡಗಿತು. ಮೂರು ಬಿದ್ದವು, ಮತ್ತೆ ಐದೋ ಆರೋ. ಪ್ರತಿ ಸಲ ನಿಲ್ಲುವ ಜಾಗ ಸ್ವಲ್ಪ ಬದಲಿಸುತ್ತಿದ್ದರು. ಎಲ್ಲವೂ ಒಮ್ಮೆಯೂ ಬೀಳಲಿಲ್ಲ. ಪಿನ್ನು ಹಾರಿ ಗೋಡೆಗೆ ಬಡಿಯುವ ಶಬ್ದ ಅಷ್ಟು ದೊಡ್ಡದು ಎಂದು ನನಗೆ ಗೊತ್ತಿರಲಿಲ್ಲ. ಬಿದ್ದದ್ದನ್ನು ಎತ್ತಿ ನಿಲ್ಲಿಸಿ, ಚೆಂಡನ್ನು ಎಣ್ಣೆ ಹೋಗುವಂತೆ ಗೋಣಿಯ ಮೇಲೆ ಹೊರಳಿಸಿ ಹಿಂದಕ್ಕೆ ಉರುಳಿಸುತ್ತಿದ್ದೆ. ಉರುಳಿಸಿ, ಗೋಡೆಯ ಮರೆಯಿಂದ ಇಣುಕಿ ಅವರನ್ನು ನೋಡುತ್ತಿದ್ದೆ.

ಆಮೇಲೆ ಸಾಕು ಎಂದು ಕೈ ಸನ್ನೆ ಮಾಡಿದರು. ನಾನು ಆ ತುದಿಯಿಂದ ನಡೆದು ಬರುವಷ್ಟರಲ್ಲಿ ಗೋಡೆಗೆ ಒರಗಿ ಕುಳಿತು ಉಸಿರು ತೆಗೆದುಕೊಳ್ಳುತ್ತಿದ್ದರು.

"ಕಂಡ್ಯಾ?"

"ಕಂಡಿ."

"ಹೇಂಗಿತ್ತ್?"

"ಎತ್ತಿ ಎತ್ತಿ ನನ್ನ್ ಸೊಂಟ ಹೋಯ್ತ್."

"ಎಲ್ಲ ಬೀಳ್ಸ್ತಿದ್ರೆ ಇನ್ನೂ ಹೋತಿತ್ತ್" ಎಂದರು.

ಮಳೆ ಆ ವಾರವೇ ಶುರುವಾಯಿತು. ಬೇಸಿಗೆ ಬಂದಾಗ ಇವರು ಹಾಸಿಗೆ ಹಿಡಿದಿದ್ದರು, ಮತ್ತೆ ಶೆಡ್ಡಿಗೆ ಹೋಗಲು ಆಗಲಿಲ್ಲ. ಒಂದು ವರ್ಷದ ಮೇಲೆ, ಮುಂದಿನ ಮಳೆಗಾಲದ ಹೊತ್ತಿಗೆ ಅವರು ತೀರಿಕೊಂಡರು. ಆಚಾರ್ರು ಒಂದು ಸಲ ಬಂದು, ಹಲಗೆ ಏನು ಮಾಡಲಿ ಎಂದು ಕೇಳಿದರು. ಬೇಕಾದವರಿಗೆ ಕೊಡಿ ಎಂದೆ. ಯಾರೋ ದೋಣಿಯ ಒಳಗೆ ಹಾಸಲು ಒಯ್ದರಂತೆ.

ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಬೊಂಬಾಯಿಯಿಂದ ಒಬ್ಬರು ಬಂದಿದ್ದರು. ಇವರ ಜೊತೆಗೇ ಯಂತ್ರದ ಕೆಲಸಕ್ಕೆ ಸೇರಿ, ಜೊತೆಗೇ ಆಡಿದವರು. ಊರು ಬ್ರಹ್ಮಾವರದ ಹತ್ತಿರವೇ. ಎಲೆ ಎತ್ತಿದ ಮೇಲೆ ಜಗಲಿಯಲ್ಲಿ ಕುಳಿತು ಇವರ ಆಟದ ವಿಷಯ ಹೇಳಿದರು. ಯಾವ ಪಂದ್ಯದಲ್ಲಿ ಯಾರನ್ನು ಸೋಲಿಸಿದರು, ಎಂಥ ಲೇನಿನಲ್ಲೂ ಹೇಗೆ ದಾರಿ ಹುಡುಕುತ್ತಿದ್ದರು, ಕೈ ಎಷ್ಟು ನೇರ ಹೋಗುತ್ತಿತ್ತು. ಹಿಂದೆ ಬೆಂಚಿನಲ್ಲಿ ಕುಳಿತು ಅವರ ಬೆನ್ನು ನೋಡುತ್ತಲೇ ತಾವೆಲ್ಲ ಕಲಿತದ್ದು ಎಂದರು. ನಾನು ಕೇಳಿಸಿಕೊಂಡೆ. ಅವರು ಹೇಳಿದ್ದರಲ್ಲಿ ಹೆಚ್ಚಿನದು ನನಗೆ ಅರ್ಥವಾಗುವಂಥದ್ದಲ್ಲ.

"ನೀವ್ ಕಂಡಿದ್ರ್ಯಾ ಅಕ್ಕ, ಅವ್ರ್ ಆಡುದ್?"

"ಒಂದ್ ಸಲ. ನಾನ್ ಪಿನ್ನ್ ನಿಲ್ಸುಕೆ ಕೂಕಂಡಿದ್ದೆ."

ಅವರು ಸ್ವಲ್ಪ ಮುಂದೆ ಬಾಗಿದರು. "ಹಾಂಗಾರೆ ಮುಖ ಕಂಡಿದ್ರಿ."

ಹೌದು ಎಂದೆ.

"ನಾವ್ ಯಾರೂ ಕಾಣ್ಲಿಲ್ಲ. ಎದ್ರಿಗೆ ಯಾರೂ ಇರ್ತಿಲ್ಲ ಅಲ್ದಾ, ಯಂತ್ರ ಮಾತ್ರ" ಎಂದರು. ಆಮೇಲೆ, "ಹೇಂಗ್ ಇರ್ತಿತ್ತ್?" ಎಂದು ಕೇಳಿದರು.

ನಾನು ಯೋಚಿಸಿ ಹೇಳಿದೆ. ಹೆಜ್ಜೆ ಇಡುವ ಮೊದಲು ಕೆಳತುಟಿ ಕಚ್ಚಿಕೊಳ್ಳುತ್ತಿದ್ದರು. ಮಗಳು ಸಣ್ಣವಳಿದ್ದಾಗ ಮೀನಿನ ಮುಳ್ಳು ಬಿಡಿಸಿ ಕೊಡುವಾಗ ಇರುತ್ತಿದ್ದ ಮುಖವೇ. ಕಾಯಿಲೆಯವರ ಮುಖ ಅನ್ನಿಸುತ್ತಿರಲಿಲ್ಲ. ಚೆಂಡು ಕೈಬಿಟ್ಟ ಮೇಲೆ ಕಣ್ಣು ಅದರ ಹಿಂದೆಯೇ ಬರುತ್ತಿತ್ತು, ನನ್ನವರೆಗೂ. ನಾನು ಅಲ್ಲಿ ಇಣುಕಿ ಕುಳಿತಿದ್ದೇನೆ ಎಂಬುದು ಅವರಿಗೆ ಗೊತ್ತಿತ್ತು, ಆದರೂ ನನ್ನನ್ನು ನೋಡಲಿಲ್ಲ. ಬಿದ್ದದ್ದು ಎಷ್ಟು, ನಿಂತದ್ದು ಯಾವುದು ಎಂದು ನೋಡಿ ಹಿಂದಕ್ಕೆ ತಿರುಗುತ್ತಿದ್ದರು.

ಬೊಂಬಾಯಿಯಿಂದ ಬಂದವರು ಕೇಳುತ್ತ ಕುಳಿತಿದ್ದರು. ಒಳಗೆ ಪಾತ್ರೆ ತೊಳೆಯುವ ಶಬ್ದ ಇತ್ತು. ತುಟಿ ಕಚ್ಚುತ್ತಿದ್ದದ್ದು ಪ್ರತಿ ಸಲವಾ ಎಂದು ಕೇಳಿದರು. ಪ್ರತಿ ಸಲ ಎಂದೆ.